ಭಾವನ ಸರಾಸರಿ 2.3, ನನ್ನದು 1.6: ಡಬ್ಬಿ ಹುಡುಕುವವರಿಗೆ ಈ ಲೆಕ್ಕ ಬೇಕಾ?

ಪ್ರಶ್ನೆ: ನಮ್ಮದು ಹುಬ್ಬಳ್ಳಿ. ಆರು ವರ್ಷದಿಂದ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ನಾನು, ನನ್ನ ಹೆಂಡತಿ, ಇಬ್ಬರು ಗೆಳೆಯರು ರಜೆ ಸಿಕ್ಕಾಗೆಲ್ಲ ಜಿಯೋಕ್ಯಾಶಿಂಗ್‌ಗೆ, ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟಕ್ಕೆ, ಹೋಗುತ್ತೇವೆ. ಇಲ್ಲಿಯವರೆಗೆ ಸಿಕ್ಕಿದ್ದು 38 ಡಬ್ಬಿ, ಅದರಲ್ಲಿ 11 ಆಫೀಸ್ ಕೆಲಸಕ್ಕೆ ಸಿಂಗಪುರಕ್ಕೆ ಹೋದಾಗ ಸಿಕ್ಕಿದ್ದು. ಜರ್ಮನಿಯಲ್ಲಿರುವ ಭಾವ, ಅಂದರೆ ಅಕ್ಕನ ಗಂಡ, 1,400 ದಾಟಿದ್ದಾರೆ. ಪ್ರತಿ ಭಾನುವಾರ ತಮ್ಮ ಅಂಕಿಅಂಶಗಳ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅವರ ಡಿಫಿಕಲ್ಟಿ (ಹುಡುಕುವ ಕಷ್ಟ) ಸರಾಸರಿ 2.3, ನನ್ನದು 1.6. ಟೆರೇನ್ (ತಲುಪುವ ಕಷ್ಟ) ಸರಾಸರಿ ಮಾತ್ರ ನನ್ನದೇ ಜಾಸ್ತಿ: ನನಗೆ 2.2, ಅವರಿಗೆ 1.8. ನಾವು ನಾಲ್ವರೂ ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಯಾರು ಎಷ್ಟು ಕಷ್ಟದ್ದು ಹುಡುಕಿದರು ಅಂತ ತಿಂಗಳು ತಿಂಗಳು ಹೋಲಿಸೋಣ ಅಂತಿದ್ದೇನೆ. ಹೆಂಡತಿ "ಇದು ಆಟವೋ ಅಪ್ರೈಸಲ್ಲೋ" ಅಂತ ನಗುತ್ತಾಳೆ. ಯಾರು ಸರಿ?

ಉತ್ತರ: ನಿಮ್ಮ ಹೆಂಡತಿ ಮುಕ್ಕಾಲು ಸರಿ, ನೀವು ಕಾಲು ಭಾಗ ಸರಿ. ಲೆಕ್ಕ ಇಡಿ, ಖಂಡಿತ ಇಡಿ. ಆದರೆ ನಾಲ್ಕು ಜನರನ್ನು ಸಾಲಾಗಿ ನಿಲ್ಲಿಸಿ ಯಾರು ಎತ್ತರ ಅಂತ ಅಳೆಯುವ ಪಟ್ಟಿ ಬೇಡ. ಒಂದೇ ಡಬ್ಬಿಗೆ ಹೋದ ನಾಲ್ವರಿಗೆ ಅದು ಹೇಗೆ ಹೇಗೆ ಕಂಡಿತು ಅಂತ ಹೋಲಿಸಿ, ಅದರಲ್ಲಿ ನಿಜವಾಗಿ ಏನೋ ಸಿಗುತ್ತದೆ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಹೋಗಬೇಕಾಗುತ್ತದೆ, ಟೀ ಮಾಡಿಕೊಂಡು ಕೂತುಕೊಳ್ಳಿ.

ನಾನು ಮುಂಬೈನ ಮುಲುಂಡ್‌ನಲ್ಲಿರುವವನು. ಈ ಹುಚ್ಚು ಹಿಡಿದು ಹನ್ನೆರಡು ವರ್ಷವಾಯಿತು. ಆಟದಲ್ಲಿ ಡಬ್ಬಿಗೆ ಕ್ಯಾಶ್ ಅನ್ನುತ್ತಾರೆ; ಮೊದಮೊದಲು ಮನೆಯಲ್ಲಿ "ಕ್ಯಾಶ್ ಹುಡುಕೋಕೆ ಹೋಗ್ತೀನಿ" ಅಂದರೆ ಅಮ್ಮ ಪಾಪ ದುಡ್ಡು ಅಂತಲೇ ತಿಳಿದಿದ್ದರು. ನಿಮ್ಮ ಹಾಗೆ ನಾನೂ ಪಟ್ಟಿ ಮಾಡಿದ್ದೆ, ಬಣ್ಣ ಹಚ್ಚಿದ್ದೆ, ಠಾಣೆಯ ಒಬ್ಬ ಗೆಳೆಯನ ಜೊತೆ ದಶಮಾಂಶದವರೆಗೆ ಪೈಪೋಟಿ ನಡೆಸಿದ್ದೆ. ಎರಡು ವರ್ಷದ ಮೇಲೆ ಗೊತ್ತಾಯಿತು, ನಾವಿಬ್ಬರೂ ಹೋಲಿಸುತ್ತಿದ್ದದ್ದು ನಮ್ಮಿಬ್ಬರನ್ನಲ್ಲ, ಡಬ್ಬಿ ಇಟ್ಟ ಬೇರೆ ಯಾರದೋ ಅಂದಾಜನ್ನು.

ಮೊದಲು ಈ ಅಂಕಿ ಎಲ್ಲಿಂದ ಬರುತ್ತದೆ ನೋಡಿ. 2000ನೇ ಇಸವಿ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಸಾಮಾನ್ಯ ಜನರ ಜಿಪಿಎಸ್‌ನಲ್ಲಿ ಬೇಕಂತಲೇ ಇಟ್ಟಿದ್ದ ತಪ್ಪನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಜಾಗ ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. ಮಾರನೇ ದಿನವೇ, ಮೇ 3ರಂದು, ಡೇವ್ ಅಲ್ಮರ್ ಅನ್ನುವವರು ಒರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಹುಗಿದಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದರು. ಆಟ ಶುರುವಾದದ್ದು ಹಾಗೆ. ಆ ಬಕೆಟ್‌ಗೆ ರೇಟಿಂಗ್ ಏನೂ ಇರಲಿಲ್ಲ ಪಾಪ. ಹುಡುಕುವವರು ಜಾಸ್ತಿಯಾದ ಮೇಲೆ, ಮಕ್ಕಳನ್ನು ಕರಕೊಂಡು ಹೋಗಬಹುದಾ, ಹಗ್ಗ ಬೇಕಾ ಅಂತ ಮುಂಚೆಯೇ ತಿಳಿಯಲಿ ಅಂತ ಎರಡು ಅಂಕಿ ಬಂದವು. ಡಿಫಿಕಲ್ಟಿ, ಚಿಕ್ಕದಾಗಿ ಡಿ, ಅಂದರೆ ಹುಡುಕುವ ಅಥವಾ ಒಗಟು ಬಿಡಿಸುವ ಕಷ್ಟ. ಟೆರೇನ್, ಚಿಕ್ಕದಾಗಿ ಟಿ, ಅಂದರೆ ಅಲ್ಲಿಗೆ ತಲುಪುವ ಕಷ್ಟ. ಎರಡೂ 1ರಿಂದ 5ರವರೆಗೆ, ಅರ್ಧರ್ಧ ಮೆಟ್ಟಿಲು, ಅಂದರೆ ಒಂದೊಂದಕ್ಕೆ ಒಂಬತ್ತು ಹಂತ. ಒಂಬತ್ತೊಂಬತ್ಲಿ ಎಂಬತ್ತೊಂದು. ಯಾವ ಜೋಡಿಯದ್ದು ಎಷ್ಟು ಸಿಕ್ಕಿತು ಅಂತ ತೋರಿಸುವ ಆ 81 ಮನೆಗಳ ಚೌಕ ಭಾವನ ಸ್ಕ್ರೀನ್‌ಶಾಟ್‌ನಲ್ಲಿ ಇದ್ದೇ ಇರುತ್ತದೆ ಬಿಡಿ.

ಈ ಅಂಕಿ ಕೊಡುವವರು ಡಬ್ಬಿ ಇಟ್ಟವರೇ. ಇಟ್ಟವರಿಗೆ ಅದು ಎಲ್ಲಿದೆ ಅಂತ ಮೊದಲೇ ಗೊತ್ತು, ಅಲ್ವಾ? ಹಾಗಾಗಿ ತಾವೇ ಇಟ್ಟದ್ದು ಹುಡುಕೋಕೆ ಎಷ್ಟು ಕಷ್ಟ ಅಂತ ಅಂದಾಜು ಮಾಡೋದು ಪ್ರಶ್ನೆಪತ್ರಿಕೆ ತೆಗೆದ ಮೇಷ್ಟ್ರು "ಬಹಳ ಸುಲಭ ಇತ್ತಲ್ಲೋ" ಅಂದ ಹಾಗೆಯೇ. ಕೆಲವರು ಧಾರಾಳಿಗಳು, ಕೆಲವರು ಜುಗ್ಗರು. ಒಬ್ಬರಿಗೆ ಡಿ 3 ಅನ್ನಿಸಿದ್ದು ಇನ್ನೊಬ್ಬರ ಕೈಯಲ್ಲಿ ಡಿ 1.5. ಇಂಥ ಅಂದಾಜುಗಳನ್ನೆಲ್ಲ ಕೂಡಿಸಿ ಭಾಗಿಸಿ ಪಾಯಿಂಟ್ ಹಾಕಿದ ಕೂಡಲೇ ಅದಕ್ಕೆ ಎಲ್ಲಿಲ್ಲದ ಗತ್ತು ಬಂದುಬಿಡುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಸಂಖ್ಯೆಗಳು ಅಳತೆಪಟ್ಟಿಯ ಮೇಲಿನ ಗೆರೆಗಳ ಹಾಗೆ ಸಮ ದೂರದಲ್ಲಿಲ್ಲ. ಟಿ 1 ಅಂದರೆ ಗಾಲಿಕುರ್ಚಿಯಲ್ಲಿರುವವರೂ ಹೋಗಿ ಕೈಚಾಚಿ ತೆಗೆಯಬಹುದಾದದ್ದು. ಟಿ 1.5 ಅಂದ ಕೂಡಲೇ ಅವರಿಗೆ ಆ ಡಬ್ಬಿ ಇಲ್ಲ. ನಡೆಯುವ ನಮಗೆ ಆ ಅರ್ಧ ಅಂಕ ಏನೇನೂ ಅಲ್ಲ, ಅವರಿಗೆ ಅದೇ ಎಲ್ಲ. ಇನ್ನು ಟಿ 5. ಅದರ ಅರ್ಥ ವಿಶೇಷ ಸಲಕರಣೆ ಬೇಕು ಅಂತ: ದೋಣಿ, ಹಗ್ಗ, ಡೈವಿಂಗ್ ಸಾಮಾನು ಇಂಥವು. ಕೆರೆಯ ನಡುವಿನ ನಡುಗಡ್ಡೆಯಲ್ಲಿ ಒಂದು ಡಬ್ಬಿ ಇದೆ ಅಂದುಕೊಳ್ಳಿ. ದೋಣಿಯವರಿಗೆ ದುಡ್ಡು ಕೊಟ್ಟು, ಕಡಲೆಕಾಯಿ ತಿನ್ನುತ್ತಾ ಹತ್ತು ನಿಮಿಷದಲ್ಲಿ ಹೋಗಿ ಬಂದರೆ ನಿಮ್ಮ ಹೆಸರಿಗೆ ಟಿ 5. ರಾಜಗಡ ಕೋಟೆಯ ತುದಿಯ ಬಾಲೇಕಿಲ್ಲೆಗೆ ಹತ್ತುವ ಕಡಿದಾದ ಬಂಡೆಯಂಥ ದಾರಿಯಲ್ಲಿ ಕೈಕಾಲು ನಡುಗಿ, ನೀರು ಖಾಲಿಯಾಗಿ, ಮಂಡಿ ಸವೆಸಿಕೊಂಡು ಬಂದರೆ ಟಿ 4. ಈಗ ಇವೆರಡನ್ನೂ ಕೂಡಿ ಎರಡರಿಂದ ಭಾಗಿಸಿ ನಾಲ್ಕೂವರೆ ಅಂತ ಬರೆಯಿರಿ ನೋಡೋಣ. ಯಾವ ದಿನದ ಅನುಭವ ಅದು?

ಇದೇ ಸಮಸ್ಯೆ ನಿಮ್ಮ ಊರಲ್ಲೇ ಇನ್ನೂ ಚೆನ್ನಾಗಿ ಕಾಣುತ್ತದೆ. ಸಿಂಹಗಡ ಕೋಟೆ ತಗೊಳ್ಳಿ. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್. ಅಲ್ಲಿ ಡಬ್ಬಿ ಇದೆ ಅಂತ ನಾನು ಹೇಳುತ್ತಿಲ್ಲ, ಕೋಟೆ ಕೊತ್ತಲಗಳಲ್ಲಿ ಇಡೋದರ ಬಗ್ಗೆ ಮುಂದೆ ಬರುತ್ತೇನೆ. ಸುಮ್ನೆ ಅಂದುಕೊಳ್ಳಿ, ಮೇಲಿನ ಪಾರ್ಕಿಂಗ್ ಹತ್ತಿರ ಒಂದು ಇದೆ ಅಂತ. ಆತ್ಕರವಾಡಿಯಿಂದ ಕಾಲ್ದಾರಿಯಲ್ಲಿ ಹತ್ತಿದವನಿಗೆ ಬೆವರು ಕಿತ್ತುಕೊಂಡು ಬರುತ್ತದೆ. ಕಾರಿನಲ್ಲಿ ಘಾಟ್ ರಸ್ತೆ ಹತ್ತಿ ಬಂದವನು ಬಾಗಿಲು ತೆಗೆದು ಇಳಿದರೆ ಸಾಕು. ಇಬ್ಬರ ಹೆಸರಿಗೂ ಒಂದೇ ಅಂಕಿ. ಇಬ್ಬರೂ ಮೇಲೆ ಕೂತು ಪಿಠಲಾ ಭಾಕರಿ, ಕುಡಿಕೆಯ ಮೊಸರು ತಿನ್ನುತ್ತಾರೆ. ಪಿಠಲಾ ಅಂದರೆ ನಮ್ಮ ಜುಣಕದ ತಮ್ಮನೇ, ನಿಮಗೆ ಹೇಳಬೇಕಾಗಿಲ್ಲ. ಆದರೆ ಯಾರಿಗೆ ಅದು ಜಾಸ್ತಿ ರುಚಿಸಿತು ಅಂತ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ನಾವು ನಗುತ್ತೇವೆ. ನಮ್ಮ ಆಟದಲ್ಲಿ ನೆಲ ನಿಜವಾಗಿಯೂ ಡೊಂಕು ಮಾರಾಯ್ರೇ, ಅದೂ ತಿಂಗಳಿಂದ ತಿಂಗಳಿಗೆ ಬೇರೆ ಬೇರೆ ಡೊಂಕು. ಸಹ್ಯಾದ್ರಿಯಲ್ಲಿ ಜನವರಿಯಲ್ಲಿ ಡಬ್ಬಿ ಇಟ್ಟವರು ಟಿ 2.5 ಅಂತ ಬರೆಯುತ್ತಾರೆ. ಒಣ ಹುಲ್ಲು, ಗಟ್ಟಿ ನೆಲ, ದಾರಿ ಸ್ಪಷ್ಟ. ಜುಲೈನಲ್ಲಿ ಅದೇ ಕಪ್ಪು ಬಸಾಲ್ಟ್ ಬಂಡೆಯ ಮೇಲೆ ಪಾಚಿ ಕಟ್ಟಿ, ಬೂಟು ಇಟ್ಟರೆ ಸೋಪಿನ ಮೇಲೆ ಇಟ್ಟ ಹಾಗೆ. ಹಳ್ಳ ಬಂದು ದಾರಿ ಮುಳುಗಿರುತ್ತದೆ, ಮೋಡ ಇಳಿದರೆ ಹತ್ತು ಅಡಿ ಮುಂದೆ ಕಾಣುವುದಿಲ್ಲ, ಹುಲ್ಲು ಸೊಂಟದವರೆಗೆ. ಏಪ್ರಿಲ್‌ನಲ್ಲಿ ಹೋದರೆ ಇನ್ನೊಂದು ಕಥೆ: ನೆರಳಿಲ್ಲ, ಬಂಡೆ ಕಾದ ಹೆಂಚು, ಇಬ್ಬರಿಗೆ ಐದು ಲೀಟರ್ ನೀರೂ ಸಾಲದು. ಜಾಲತಾಣದಲ್ಲಿ ಆ ಡಬ್ಬಿಯ ಪುಟದಲ್ಲಿ ಮಾತ್ರ ವರ್ಷವಿಡೀ 2.5.

ನಾನೊಮ್ಮೆ ಆಗಸ್ಟ್‌ನಲ್ಲಿ ಮಾವಳ ಕಡೆಯ ಒಂದು ಗುಡ್ಡದಲ್ಲಿ ಇಂಥದೇ ಒಂದು 2.5ಕ್ಕೆ ಹೋಗಿ, ಕೊನೆಯ ಎಂಬತ್ತು ಮೀಟರ್ ಉಳಿದಿರುವಾಗ ವಾಪಸ್ ಬಂದೆ. ಡಬ್ಬಿಯ ಜಾಗ ಕಣ್ಣೆದುರಿಗೇ ಇತ್ತು. ನಡುವೆ ಕೆಂಪು ನೀರಿನ ಹಳ್ಳ ಇತ್ತು. ಜೊತೆಗಿದ್ದ ಹುಡುಗ "ಬರೀ ಟಿ 2.5 ಅಂಕಲ್, ಇಷ್ಟಕ್ಕೆ ಬಿಟ್ಟು ಬರೋದಾ" ಅಂದ. ಆ ಒಂದು ಮಾತಿನಿಂದಲೇ ನಾನು ಪಟ್ಟಿ ಹೋಲಿಸುವ ಚಾಳಿ ಬಿಟ್ಟೆ ಅಂದರೂ ತಪ್ಪಲ್ಲ. ಹಳ್ಳದ ನೀರು ಕೇಳೋದು ರೇಟಿಂಗನ್ನಲ್ಲ. ನವೆಂಬರ್‌ನಲ್ಲಿ ಹೋಗಿ ಇಪ್ಪತ್ತು ನಿಮಿಷದಲ್ಲಿ ತೆಗೆದೆವು, ಆ ಹುಡುಗನಿಗೇ ಸಿಕ್ಕಿತು.

ಡಿಫಿಕಲ್ಟಿಗೆ ಬರೋಣ, ಇಲ್ಲಿ ಮುಂಬೈ ನನ್ನ ಸಾಕ್ಷಿ. ಡಿ 1 ಅಂದರೆ ಕೆಲವೇ ನಿಮಿಷದಲ್ಲಿ ಸಿಗಬೇಕು, ಡಿ 2 ಅಂದರೆ ಹೆಚ್ಚುಕಮ್ಮಿ ಅರ್ಧ ಗಂಟೆಯೊಳಗೆ, ಡಿ 3ಕ್ಕೆ ಪಳಗಿದವರಿಗೂ ಒಂದು ಮಧ್ಯಾಹ್ನದ ಬಹುಪಾಲು ಬೇಕಾಗಬಹುದು. ಸರಿ. ಆದರೆ ಈ ಲೆಕ್ಕದಲ್ಲಿ ಸುತ್ತಮುತ್ತ ನಿಂತು ನೋಡುವ ಜನ ಇಲ್ಲ! ಆಟದ ಭಾಷೆಯಲ್ಲಿ ಈ ಆಟ ಗೊತ್ತಿಲ್ಲದ ದಾರಿಹೋಕರಿಗೆ ಮಗಲ್ ಅನ್ನುತ್ತಾರೆ. ಅವರ ಕಣ್ಣಿಗೆ ಬೀಳದೆ ತೆಗೆದು, ಒಳಗಿನ ಲಾಗ್ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಹಾಗೇ ಇಡಬೇಕು. ಮುಂಬೈನಲ್ಲಿ ಮಗಲ್ ಇಲ್ಲದ ಜಾಗ ಯಾವುದು ಹೇಳಿ? ಬೆಳಗ್ಗೆ ಐದಕ್ಕೂ ವಾಕಿಂಗ್ ಅಜ್ಜಂದಿರು, ರಾತ್ರಿ ಎರಡಕ್ಕೂ ಕಟಿಂಗ್ ಚಾಯ್.

ಅದರ ಮೇಲೆ ಇದು 2006ರ ಜುಲೈ 11ರ ಲೋಕಲ್ ರೈಲು ಸ್ಫೋಟಗಳನ್ನು ಕಂಡ ಊರು. ಸ್ಟೇಷನ್ನುಗಳಲ್ಲಿ "ಬೇವಾರಸ್ ವಸ್ತು ಕಂಡರೆ ಮುಟ್ಟಬೇಡಿ" ಅಂತ ಮರಾಠಿಯಲ್ಲಿ ಹೇಳುತ್ತಲೇ ಇರುತ್ತಾರೆ. (ಬೇವಾರಸ್ ಅಂದರೆ ವಾರಸುದಾರರಿಲ್ಲದ್ದು ಅಂತಷ್ಟೇ. ನಮ್ಮ ಕಡೆ ಅದು ಬೈಗುಳವಾಗಿದೆ, ಊರಿಂದ ಬಂದ ನಮ್ಮ ಚಿಕ್ಕಪ್ಪ ಮೊದಲ ಸಲ ದಾದರ್‌ನಲ್ಲಿ ಕೇಳಿ "ಯಾರಿಗೋ ಇದು ಬೈತಿರೋದು" ಅಂತ ತಿರುಗಿ ನೋಡಿದ್ದರು.) ಪುಣೆಯವರಾದ ನಿಮಗೂ 2010ರ ಫೆಬ್ರವರಿಯ ಸ್ಫೋಟ ಆದದ್ದು ಒಂದು ಬೇಕರಿಯಲ್ಲಿ, ಬಿಟ್ಟುಹೋದ ಚೀಲದಿಂದ ಅನ್ನುವುದು ಗೊತ್ತಿರುತ್ತದೆ. ಇಂಥ ಊರುಗಳಲ್ಲಿ ಬೆಂಚಿನ ಕೆಳಗೆ ಕೈಹಾಕಿ ತಡಕಾಡುವವನನ್ನು ಜನ ಅನುಮಾನದಿಂದ ನೋಡಿದರೆ ಅವರ ತಪ್ಪೇನೂ ಇಲ್ಲ.

ದಕ್ಷಿಣ ಮುಂಬೈನಲ್ಲಿ ಒಂದು ನ್ಯಾನೊ ಇತ್ತು, ಚಿಟಿಕೆಯಷ್ಟು ದೊಡ್ಡ, ಆಯಸ್ಕಾಂತ ಹಚ್ಚಿದ ಡಬ್ಬಿ. ಡಿ 1.5. ನನಗೆ ನಾಲ್ಕು ಸಲ ಹೋಗಬೇಕಾಯಿತು. ಮೊದಲ ಸಲ ಎದುರು ಕಟ್ಟಡದ ವಾಚ್‌ಮನ್ ಎದ್ದು ಬಂದ. ಎರಡನೇ ಸಲ ಅವನೇ "ಏನು ಸಾಹೇಬ್, ಕೀಲಿ ಸಿಗಲಿಲ್ವಾ ಇನ್ನೂ" ಅಂತ ಕೇಳಿದ. ನಾನು ಮೊದಲ ಸಲ ಕೀಲಿ ಬಿದ್ದಿದೆ ಅಂತ ಸುಳ್ಳು ಹೇಳಿದ್ದೆ, ಮರೆತಿದ್ದೆ. ಮೂರನೇ ಸಲ ಮಳೆ. ಅದರ ಜೊತೆಗೆ ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ಫೋನಿನ ಬಾಣ ರಸ್ತೆಯ ಆ ಕಡೆ, ಈ ಕಡೆ ಅಂತ ಕುಣಿಯುತ್ತಿತ್ತು. ಬಯಲಲ್ಲಾದರೆ ನಾಲ್ಕೈದು ಮೀಟರ್ ಒಳಗೆ ತಂದು ನಿಲ್ಲಿಸುವ ಫೋನು ಅದು. ನಾಲ್ಕನೇ ಸಲ ವಾಚ್‌ಮನ್‌ಗೆ ನಿಜ ಹೇಳಿಬಿಟ್ಟೆ. ಅವನು ಎರಡು ನಿಮಿಷದಲ್ಲಿ ಹುಡುಕಿ ಕೊಟ್ಟ. ನನ್ನ ಅಂಕಿಅಂಶದಲ್ಲಿ ಅದು ಒಂದು ಬಡಪಾಯಿ 1.5. ನಿಮ್ಮ 1.6 ಸರಾಸರಿಯೊಳಗೆ ಇಂಥವು ಎಷ್ಟು ಅಡಗಿವೆಯೋ!

ಈಗ ಭಾವನ ಲೆಕ್ಕ. ಡಬ್ಬಿಗಳ ಸಂಖ್ಯೆಯಲ್ಲಿ ಅಮೆರಿಕ ಬಿಟ್ಟರೆ ಜರ್ಮನಿಯೇ ಮುಂದೆ, ಅಲ್ಲಿ ಲಕ್ಷಗಟ್ಟಲೆ ಇವೆ. ಅವರು ಆರಿಸಿಕೊಂಡು ತಿನ್ನುತ್ತಾರೆ, ನಾವು ಬಡಿಸಿದ್ದು ತಿನ್ನುತ್ತೇವೆ. ಭಾನುವಾರ ಬೆಳಗ್ಗೆ ಡಿ 4ರ ಒಗಟು ಬೇಕು ಅಂದರೆ ಅವರಿಗೆ ಸೈಕಲ್ ದೂರದಲ್ಲಿ ಹತ್ತಾರು ಸಿಗಬಹುದು. ನಿಮಗೆ ಅದಕ್ಕೆ ಇನ್ನೊಂದು ಜಿಲ್ಲೆಗೇ ಹೋಗಬೇಕಾದೀತು. ಹಾಗಾಗಿ ನಿಮ್ಮ 1.6 ಹೇಳುವುದು ಪುಣೆಯ ಸುತ್ತ ಏನಿದೆ ಅನ್ನೋದನ್ನು, ಮತ್ತೆ ಸಿಂಗಪುರದಲ್ಲಿ ಮೀಟಿಂಗ್‌ಗಳ ನಡುವೆ ಎಷ್ಟು ಹೊತ್ತು ಸಿಕ್ಕಿತ್ತು ಅನ್ನೋದನ್ನು.

ಟೆರೇನ್‌ನಲ್ಲಿ ನೀವು ಗೆದ್ದಿದ್ದೀರಿ ಅಂತ ಒಳಗೊಳಗೆ ಖುಷಿ ಇದೆ, ಅಲ್ವಾ? ಅದನ್ನೂ ಹಾಳು ಮಾಡುತ್ತೇನೆ, ಕ್ಷಮಿಸಿ. ಭಾವನ 1,400ರಲ್ಲಿ 1,250 ಊರೊಳಗಿನ ಟಿ 1.5, ಉಳಿದ 150 ಗಟ್ಟಿ ಟಿ 4 ಅಂದುಕೊಳ್ಳಿ. ಸರಾಸರಿ ಎಷ್ಟು ಬರುತ್ತದೆ? 1.77. ಅಂದರೆ ಅವರ 1.8. ನಿಮ್ಮ 38 ಡಬ್ಬಿಯ ನಾಲ್ಕು ಪಟ್ಟು ಬರೀ ಬಂಡೆ, ಮರ, ಕೊರಕಲು ಹತ್ತಿದ ಮನುಷ್ಯ ಸರಾಸರಿಯಲ್ಲಿ ನಿಮಗಿಂತ ಹಿಂದೆ! ಅವರು ಆಫೀಸಿಗೆ ಹೋಗುವ ದಾರಿಯಲ್ಲಿ ಸಿಗುವ ಸುಲಭದ್ದು ತೆಗೆಯೋದು ಬಿಟ್ಟಿದ್ದರೆ ಸರಾಸರಿ ಏರುತ್ತಿತ್ತು. ಸುಲಭದ್ದು ಬಿಟ್ಟವರಿಗೆ ಬಹುಮಾನ ಕೊಡುವ ಅಂಕಿ ಇದು. ನಿಮ್ಮ ನಾಲ್ವರ ಪಟ್ಟಿಯಲ್ಲೂ ಇದೇ ಆಗುತ್ತದೆ: ಮೂರನೇ ತಿಂಗಳಿಗೆ ಯಾರಾದರೊಬ್ಬರು ವೇತಾಳ ಟೇಕಡಿ ಗುಡ್ಡದ ಸಂಜೆ ವಾಕಿನಲ್ಲಿ ಸಿಗುವ ಟಿ 2 ಡಬ್ಬಿಯನ್ನು "ಸರಾಸರಿ ಇಳಿಯುತ್ತೆ, ಬೇಡ" ಅಂತ ಬಿಟ್ಟು ಬರುತ್ತಾರೆ. ನನ್ನ ಠಾಣೆಯ ಗೆಳೆಯ ಮಾಡಿದ್ದು ಅದನ್ನೇ. ಪೂರ್ತಿ ಹೇಳಬೇಕಂದರೆ, ನಾನೂ ಮಾಡಿದ್ದೇನೆ.

ಇನ್ನು ಒಗಟಿನ ಡಬ್ಬಿಗಳು, ಅಂದರೆ ಒಗಟು ಬಿಡಿಸಿದರೆ ಮಾತ್ರ ಜಾಗ ತಿಳಿಯುವಂಥವು. ಡಿ 5 ಒಗಟನ್ನು ಒಬ್ಬಳು ಆರು ವಾರ ಕೂತು ಬಿಡಿಸುತ್ತಾಳೆ, ಉತ್ತರವನ್ನು ಮೂವರಿಗೆ ವಾಟ್ಸಾಪ್ ಮಾಡುತ್ತಾಳೆ. ನಾಲ್ವರಿಗೂ ಡಿ 5. ಗುಂಪಿನಲ್ಲಿ ಹೋದಾಗ ಒಬ್ಬ ಮರ ಹತ್ತುತ್ತಾನೆ, ಕೆಳಗೆ ನಿಂತು "ಹುಷಾರಪ್ಪ" ಅಂದವರ ಹೆಸರೂ ಪುಸ್ತಕದಲ್ಲಿ ಬೀಳುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಒಟ್ಟಿಗೆ ಹೋದ ದಿನದ ನೆನಪು ಅದು. ಅದನ್ನು ಅಂಕಪಟ್ಟಿ ಮಾಡಿದಾಗಲೇ ಮೋಸ ಅನ್ನಿಸೋಕೆ ಶುರುವಾಗುತ್ತದೆ, ಆಮೇಲೆ ಮರ ಹತ್ತಿದವನ ಮುಖ ಸಣ್ಣಗಾಗುತ್ತದೆ.

ಡಬ್ಬಿ ಇಡುವವರ ಮೇಲೂ ಇದರ ಪರಿಣಾಮ ಇದೆ. 81 ಮನೆ ತುಂಬಿಸುವ ಹುಚ್ಚಿನವರು ಅಪರೂಪದ ಜೋಡಿಗಳನ್ನು ಹುಡುಕಿಕೊಂಡು ದೂರದಿಂದ ಬರುತ್ತಾರೆ. ಹಾಗಂತ ಗೊತ್ತಾದ ಮೇಲೆ ಕೆಲವು ಮಾಲೀಕರು ತಮ್ಮ ಡಬ್ಬಿಗೆ ಜನ ಬರಲಿ ಅಂತಲೇ ವಿಚಿತ್ರ ರೇಟಿಂಗ್ ಕೊಡುತ್ತಾರೆ. ಇನ್ನು ಪ್ರಾಮಾಣಿಕ ಮಾಲೀಕರು ದಾರಿ ಸುಧಾರಿಸಿತು ಅಂತ 4.5 ಇದ್ದದ್ದನ್ನು 3.5 ಮಾಡಿದರೆ, ಮುಂಚೆ ಹುಡುಕಿದ್ದವರ ಚೌಕದಲ್ಲಿ ತುಂಬಿದ್ದ ಮನೆ ಖಾಲಿಯಾಗಿ ಜಗಳ! ಚಾಲೆಂಜ್ ಡಬ್ಬಿ ಅಂತ ಒಂದು ಜಾತಿ ಇದೆ, ಇಂಥಿಂಥ ಅಂಕಿ ನಿಮ್ಮ ಲೆಕ್ಕದಲ್ಲಿದ್ದರೆ ಮಾತ್ರ ನೀವು ಇದನ್ನು ಹುಡುಕಿದ ಹಾಗೆ ಅನ್ನುವ ಷರತ್ತಿನದ್ದು. ಅದರ ತಕರಾರು ಎಷ್ಟು ಬೆಳೆಯಿತು ಅಂದರೆ 2015ರ ಏಪ್ರಿಲ್‌ನಿಂದ ಸುಮಾರು ಒಂದು ವರ್ಷ ಹೊಸ ಚಾಲೆಂಜ್ ಡಬ್ಬಿಗಳನ್ನೇ ನಿಲ್ಲಿಸಿದ್ದರು. 2016ರಲ್ಲಿ ಮತ್ತೆ ಬಿಟ್ಟಾಗ, ಷರತ್ತು ಪೂರೈಸಿದ್ದೀರಾ ಅಂತ ಕಂಪ್ಯೂಟರೇ ನೋಡಿ ಹೇಳುವ ಚೆಕರ್ ಕಡ್ಡಾಯ ಮಾಡಿದರು. ಅಂಕಿಗೆ ಅಂಕಿಯೇ ಪೊಲೀಸ್.

ಇಷ್ಟೆಲ್ಲ ಬೈದು ಈಗ ಒಂದು ಒಪ್ಪಿಗೆ. ಆ 81 ಮನೆಯ ಚೌಕ ನನಗೆ ಇಷ್ಟ. ನನ್ನದು ಇನ್ನೂ ಅರ್ಧವೂ ತುಂಬಿಲ್ಲ, ತುಂಬುವುದೂ ಇಲ್ಲ. ಆದರೆ ಖಾಲಿ ಮನೆ ನೋಡಿ "ಇಂಥದ್ದು ಒಂದೂ ಮಾಡಿಲ್ವಲ್ಲ" ಅನ್ನಿಸಿದ್ದಕ್ಕೇ ನಾನು ಒಗಟಿನ ಡಬ್ಬಿ ಶುರು ಮಾಡಿದ್ದು, ಅರ್ತ್‌ಕ್ಯಾಶ್ ಶುರು ಮಾಡಿದ್ದು. ಅರ್ತ್‌ಕ್ಯಾಶ್‌ಗೆ ಡಬ್ಬಿಯೇ ಇರುವುದಿಲ್ಲ, ನೆಲ ಬಂಡೆ ನೋಡಿ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು. ಅಂಧೇರಿಯ ಗಿಲ್ಬರ್ಟ್ ಹಿಲ್ ಮುಂದೆ ಇಪ್ಪತ್ತು ಸಲ ಹಾದು ಹೋಗಿದ್ದೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಅದು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ, ಕಂಬ ಕಂಬವಾಗಿ ನಿಂತಿರುವ 200 ಅಡಿ ಬಸಾಲ್ಟ್ ಅಂತ ಓದಿಕೊಂಡು ಹೋಗಿ ಅರ್ಧ ದಿನ ಕೂತೆ. ನನ್ನ ಚೌಕ ನನ್ನ ಜೊತೆ ಮಾತಾಡಿದಾಗ ಒಳ್ಳೆಯದೇ ಆಗಿದೆ. ಬೇರೆಯವರ ಚೌಕದ ಪಕ್ಕ ಇಟ್ಟಾಗಲೇ ಕೆಟ್ಟಿದ್ದು.

ಹಾಗಾದರೆ ಎಕ್ಸೆಲ್‌ನಲ್ಲಿ ಏನು ಬರೆಯಬೇಕು? ಪ್ರಾಜೆಕ್ಟ್-ಜಿಸಿಯಂಥ ಜಾಲತಾಣಗಳು ತಾನಾಗೇ ಲೆಕ್ಕ ಹಾಕಿಕೊಡುವುದನ್ನು ಮತ್ತೆ ನೀವು ಟೈಪ್ ಮಾಡುವುದು ಸುಮ್ನೆ ದಂಡ. ಅದು ಕೊಡದ್ದನ್ನು ಬರೆಯಿರಿ. ಯಾವ ತಿಂಗಳು, ಹಗಲೋ ಸಂಜೆಯೋ, ಜೊತೆಗೆ ಯಾರು, ಗಾಡಿ ನಿಲ್ಲಿಸಿದ ಜಾಗದಿಂದ ಎಷ್ಟು ಹೊತ್ತು ನಡೆದಿರಿ, ಅಲ್ಲಿ ಹೋದ ಮೇಲೆ ಎಷ್ಟು ನಿಮಿಷ ಹುಡುಕಿದಿರಿ. ಕೊನೆಗೆ ಬಹಳ ಮುಖ್ಯವಾದದ್ದು: ನಿಮಗೆ ಅದು ಎಷ್ಟು ಡಿ, ಎಷ್ಟು ಟಿ ಅನ್ನಿಸಿತು. ಇದನ್ನು ನಾಲ್ವರೂ ಒಬ್ಬರಿಗೊಬ್ಬರು ಹೇಳದೆ, ವಾಪಸ್ ಬರುವಾಗ ಚಹಾದ ಅಂಗಡಿಯಲ್ಲೇ ಬರೆದುಕೊಳ್ಳಿ. ಮೊದಲು ಮಾತಾಡಿದರೆ ಹಿರಿಯರು ಅಂದದ್ದೇ ಎಲ್ಲರದೂ ಆಗಿಬಿಡುತ್ತದೆ. ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ.

ನಾನು ಮತ್ತು ಠಾಣೆಯ ಗೆಳೆಯ ಈಗ ಮಾಡುವುದು ಇದೇ. ಇಪ್ಪತ್ತು ಇಪ್ಪತ್ತೈದು ಡಬ್ಬಿ ಆದ ಮೇಲೆ ನಮ್ಮಿಬ್ಬರ ಕಣ್ಣು ಹೇಗೆ ಬೇರೆ ಅಂತ ಕಂಡಿತು. ಕಲ್ಲಿನ ಸಂದಿಯಲ್ಲಿ ಇಟ್ಟದ್ದು ಅವನಿಗೆ ಸಲೀಸು, ಕಬ್ಬಿಣದ ಕಂಬಿಗೆ ಅಂಟಿಸಿದ್ದು ನನಗೆ ಸಲೀಸು. ಇಳಿಜಾರು ಇಳಿಯುವಾಗ ನಾನು ಯಾವಾಗಲೂ ಅವನಿಗಿಂತ ಒಂದು ಅಂಕ ಜಾಸ್ತಿ ಹಾಕಿದ್ದೆ. ಮಂಡಿ ತೋರಿಸಿಕೊಂಡಾಗ ಡಾಕ್ಟರೂ ಅದನ್ನೇ ಹೇಳಿದರು. ನಾವಿಬ್ಬರೂ ಒಂದೇ ಡಬ್ಬಿಗೆ, ಮಾಲೀಕರು ಹೇಳಿದ್ದಕ್ಕಿಂತ ಒಂದು ಅಂಕ ಜಾಸ್ತಿ ಹಾಕಿದ್ದರೆ ಅದು ನಮ್ಮ ದೌರ್ಬಲ್ಯ ಅಲ್ಲ, ರೇಟಿಂಗೇ ತಪ್ಪು. ಆಗ ಡಬ್ಬಿಯ ಪುಟದ ಲಾಗ್‌ನಲ್ಲಿ ಮರ್ಯಾದೆಯಿಂದ ಬರೆಯುತ್ತೇವೆ: "ಮಳೆಗಾಲದಲ್ಲಿ ಕೊನೆಯ ಹತ್ತು ನಿಮಿಷ ಬಹಳ ಜಾರುತ್ತದೆ, ಟಿ 3.5 ಇರಬಹುದಾ ಅಂತ ನೋಡಿ" ಅಂತ. ಮುಂದೆ ಮಕ್ಕಳನ್ನು ಕರಕೊಂಡು ಹೋಗುವ ಯಾರಿಗೋ ಅದು ಉಪಯೋಗಕ್ಕೆ ಬರುತ್ತದೆ. ರೇಟಿಂಗ್ ಹುಟ್ಟಿದ್ದೇ ಅದಕ್ಕೆ.

ಸಿಗದೇ ಹೋದದ್ದನ್ನೂ ಬರೆಯಿರಿ. ಡಿಎನ್‌ಎಫ್, ಅಂದರೆ "ಸಿಗಲಿಲ್ಲ" ಅನ್ನುವ ಲಾಗ್, ಹಾಕೋಕೆ ನಮ್ಮವರಿಗೆ ನಾಚಿಕೆ, ಫೇಲಾದ ಹಾಗೆ. ಪೈಪೋಟಿಯ ಪಟ್ಟಿ ಇದ್ದರಂತೂ ಯಾರೂ ಹಾಕುವುದಿಲ್ಲ. ಆದರೆ ಸತತ ನಾಲ್ಕು ಡಿಎನ್‌ಎಫ್ ಕಂಡರೆ ಮಾತ್ರ ಮಾಲೀಕರಿಗೆ ಡಬ್ಬಿ ಕಳೆದುಹೋಗಿದೆ ಅಂತ ಗೊತ್ತಾಗುವುದು. ನೀವು ನಾಚಿಕೊಂಡು ಸುಮ್ಮನಿದ್ದರೆ ನಿಮ್ಮ ಹಿಂದೆ ಬರುವವರು ಇಲ್ಲದ ಡಬ್ಬಿಗೆ ಪೊದೆ ತಡಕಾಡುತ್ತಾರೆ, ಪುಣೆ ಸುತ್ತಲಿನ ಪೊದೆಗಳಲ್ಲಿ ಹಾವು ಇರುವುದು ನಿಮಗೇ ಗೊತ್ತು.

ಕೋಟೆಗಳ ಮಾತು ಬಾಕಿ ಇತ್ತು. ಅಂಕ ಜಾಸ್ತಿ ಬರಲಿ ಅಂತ ನೀವೇ ಕಷ್ಟದ ಡಬ್ಬಿ ಇಡೋಕೆ ಹೊರಟರೆ, ಸಂರಕ್ಷಿತ ಸ್ಮಾರಕದ ಗೋಡೆ ಕಲ್ಲು ಕದಲಿಸಬೇಡಿ, ಎಲ್ಲಿಯೂ ನೆಲ ಅಗೆಯಬೇಡಿ. ಅಲ್ಮರ್ ಅವರ ಬಕೆಟ್ ಹುಗಿದಿದ್ದು ನಿಜ, ಈಗ ಜಾಗದ ಮಾಲೀಕರ ಸ್ಪಷ್ಟ ಅನುಮತಿ ಇಲ್ಲದೆ ನೆಲ ಅಗೆಯುವುದಕ್ಕೆ ಆಟದ ನಿಯಮವೇ ಬಿಡುವುದಿಲ್ಲ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಬೇಕು. ಸೈನ್ಯದ ಜಾಗ, ಸ್ಟೇಷನ್, ಅಣೆಕಟ್ಟು ಹತ್ತಿರ ಬೇಡವೇ ಬೇಡ. ಪುಣೆಯಲ್ಲಿ ಕ್ಯಾಂಟೋನ್ಮೆಂಟ್ ಎಲ್ಲಿ ಶುರು ಎಲ್ಲಿ ಮುಗಿಯಿತು ಅಂತಲೂ ನೋಡಿಕೊಳ್ಳಬೇಕು.

ಭಾವನಿಗೆ ಏನು ಹೇಳುತ್ತೀರಿ? ಮುಂದಿನ ಭಾನುವಾರ ಸ್ಕ್ರೀನ್‌ಶಾಟ್ ಬಂದಾಗ "ನಿಮ್ಮ 150 ಟಿ 4ಗಳಲ್ಲಿ ಯಾವುದು ಚೆನ್ನಾಗಿತ್ತು, ಅದರ ಕಥೆ ಹೇಳಿ ಭಾವ" ಅಂತ ಕೇಳಿ. (150 ಅನ್ನೋದು ನನ್ನ ಊಹೆ, ನಿಜವಾದ ಸಂಖ್ಯೆ ಅವರೇ ಸಂತೋಷದಿಂದ ಹೇಳುತ್ತಾರೆ.) ಊರಿಗೆ ಬಂದಾಗ ಅವರನ್ನೂ ನಿಮ್ಮ ಕಡೆಯ ಒಂದು 2.5ಕ್ಕೆ ಕರಕೊಂಡು ಹೋಗಿ, ಅವರ ಕೈಗೂ ಚೀಟಿ ಕೊಟ್ಟು ಬರೆಸಿ. ಅವರು ಜರ್ಮನಿಯಿಂದ ಹೊರಡುವ ಮುಂಚೆಯೇ ಒಂದು ಎಚ್ಚರ ಹೇಳಿ: ಯುರೋಪಿನಲ್ಲಿ ಗುಡ್ಡ ಹತ್ತುವವರು ಇಟ್ಟುಕೊಳ್ಳುವ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಯಂತ್ರಗಳನ್ನು ಭಾರತದಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಪೊಲೀಸ್ ಕೇಸ್ ಆದದ್ದಿದೆ. ಬರೀ ಜಿಪಿಎಸ್ ಇರುವ ಫೋನು ಸಾಕು. ಮತ್ತೆ ಎಲ್ಲರ ಜೇಬಿನಲ್ಲೂ ಒಂದೊಂದು ಪೆನ್ಸಿಲ್ ಇರಲಿ, ಒದ್ದೆಯಾದ ಲಾಗ್ ಹಾಳೆಯ ಮೇಲೆ ಬಾಲ್‌ಪೆನ್ ಬರೆಯುವುದಿಲ್ಲ.